ನಾಲಿಗೆ ಚಾಚಿದ ಕಂಪ್ಯೂಟರು

ರಾತ್ರಿಯ ದೆವ್ವಗಳಿಗೆ ನಾನು ಎಂದೂ ಹೆದರಿದವಳಲ್ಲ. ಕತ್ತಲಲ್ಲಿ ಬರುವುದು ದೆವ್ವದ ಡ್ಯೂಟಿ, ಅದರಲ್ಲೇನು ವಿಶೇಷ? ನನಗೆ ಭಯವಿರುವುದು ಮಧ್ಯಾಹ್ನ ಮೂರೂವರೆ ಗಂಟೆಯದು. ಊಟದ ಪಾತ್ರೆ ತೊಳೆದಾಗಿದೆ, ಕಾಫಿಗೆ ಇನ್ನೂ ಹೊತ್ತಿದೆ, ಸಿದ್ಧಾರ್ಥನಗರದ ನಮ್ಮ ಬೀದಿಯಲ್ಲಿ ನಾಯಿ ಕೂಡ ಬೊಗಳುವುದಿಲ್ಲ. ಬಿಸಿಲು ಕಿಟಕಿಯಿಂದಿಳಿದು ನೆಲದ ಮೇಲೆ ಚೌಕವಾಗಿ ಕೂತಿರುತ್ತದೆ. ಎಲ್ಲವೂ ನಿಚ್ಚಳವಾಗಿ ಕಾಣುವ ಅಂಥ ಹೊತ್ತಿನಲ್ಲಿ ಕಾಣಬಾರದ್ದು ಕಂಡರೆ, ಕಣ್ಣಿನ ಮೇಲೆ ತಪ್ಪು ಹೊರಿಸುವುದಾದರೂ ಹೇಗೆ?

ನಾನು ಕಂಡದ್ದು ಇಷ್ಟೆ. ನನ್ನ ಅಕ್ಕ ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ, ಅವಳ ಕಂಪ್ಯೂಟರು ಯಾರೂ ಮುಟ್ಟದೆ ತಾನಾಗಿಯೇ ಬಾಯಿ ತೆರೆದು, ಸೀಡಿ ಇಡುವ ಟ್ರೇಯನ್ನು ನಾಲಿಗೆಯಂತೆ ನನ್ನತ್ತ ಚಾಚಿತು.

ಇದು ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಅಕ್ಕ ರಿಟೈರ್ಡ್ ಮ್ಯಾಥ್ಸ್ ಟೀಚರ್. ನಾವಿಬ್ಬರೂ ಮದುವೆಯಾಗದೆ ಒಂದೇ ಮನೆಯಲ್ಲಿ ಮುದುಕಿಯರಾದವರು. ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದವಳು ಗೌರಿ, ನಂಜನಗೂಡಿನ ಕಡೆಯ ಹುಡುಗಿ, ಎಂಜಿನಿಯರಿಂಗ್ ಓದುತ್ತಿದ್ದಳು. ಹಣೆಗೆ ವಿಭೂತಿ ಇಟ್ಟುಕೊಂಡು ಬಂದು ನಮ್ಮ ಏಸುವಿನ ಪಟದ ಕೆಳಗೆ ಕೂತು ಲಿನಕ್ಸ್ ಕಲಿಯುತ್ತಿದ್ದಳು. ಲಿನಕ್ಸ್ ಅಂದರೆ ಕಂಪ್ಯೂಟರನ್ನು ನಡೆಸುವ ಒಂದು ವ್ಯವಸ್ಥೆ. ಪುಕ್ಕಟೆ, ಮೇಲಾಗಿ ಅದರ ಒಳಗನ್ನು ಯಾರು ಬೇಕಾದರೂ ಬಿಚ್ಚಿ ಓದಬಹುದು. ಮ್ಯಾಗಜೀನಿನ ಜೊತೆ ಬಂದ ಸೀಡಿಯಿಂದ ಅದನ್ನು ಹಾಕಿಕೊಂಡಿದ್ದರು. ಬಿಚ್ಚಿ ಓದಬಹುದು ಎಂಬ ಒಂದೇ ಮಾತಿಗೆ ಅಕ್ಕ ಮರುಳಾದಳು. ಲೆಕ್ಕದ ಹಂತಗಳನ್ನು ತೋರಿಸದೆ ಉತ್ತರ ಮಾತ್ರ ಬರೆದವರಿಗೆ ಅವಳು ಜನ್ಮದಲ್ಲಿ ಮಾರ್ಕ್ಸ್ ಕೊಟ್ಟವಳಲ್ಲ.

“ಗೌರಿ, ಏನಾಗತ್ತೋ ನೋಡೋಣ ಅಂತ ಒತ್ತಬೇಡ. ಯಾಕೆ ಒತ್ತುತ್ತಿದ್ದೀಯ ಹೇಳಿ ಒತ್ತು.”

“ಮಿಸ್, ನಮ್ ಲೆಕ್ಚರರ್ರಿಗೇ ಗೊತ್ತಿಲ್ಲ ಕಣ್ರೀ ಯಾಕೆ ಅಂತ!”

“ಹಾಗಾದರೆ ನಾಳೆ ಹೋಗಿ ಅವರಿಗೂ ಹೇಳಿಕೊಡು.”

ನಾನು ಎದುರಿನ ಈಸಿಚೇರಿನಲ್ಲಿ ತೂಕಡಿಸುತ್ತ ಇದನ್ನೆಲ್ಲ ಕೇಳುತ್ತಿದ್ದೆ. ನಂತರ ಅಕ್ಕ ಆಸ್ಪತ್ರೆ ಸೇರಿದಳು. ಹೆಚ್ಚು ದಿನ ಉಳಿಯಲಿಲ್ಲ. ಕಂಪ್ಯೂಟರಿಗೆ ಕಸೂತಿ ಬಟ್ಟೆ ಹೊದಿಸಿ ಸುಮ್ಮನಾದೆ. ಗೌರಿಗೆ ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಾಗಲೇ ಆ ಬಟ್ಟೆ ತೆಗೆದದ್ದು. “ಏನೋ ಕಂಪೈಲ್ ಆಗ್ತಿದೆ ಆಂಟಿ, ಸಂಜೆವರೆಗೂ ಆಫ್ ಮಾಡ್ಬೇಡಿ” ಎಂದು ಹೇಳಿ ಕಾಲೇಜಿಗೆ ಹೋಗುತ್ತಿದ್ದಳು. ಖಾಲಿ ಕುರ್ಚಿಯ ಮುಂದೆ ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ತಮ್ಮಷ್ಟಕ್ಕೇ ಏರುತ್ತಲೇ ಇರುತ್ತಿದ್ದವು. ಯಾರೋ ಕೂತು, ಕೈ ಕಾಣಿಸದಂತೆ ಬರೆಯುತ್ತಿದ್ದಂತೆ.

ಆ ಕೋಣೆಯಲ್ಲೇ ಟ್ರೇ ಹೊರಬಂದದ್ದು. ಸಂಜೆ ಗೌರಿ ಪರೀಕ್ಷೆಯ ಗಡಿಬಿಡಿಯಲ್ಲಿ ಅದನ್ನು ಒಳಕ್ಕೆ ತಳ್ಳಿದಳು, ಮರುದಿನವೂ ಅದೇ ಹೊತ್ತಿಗೆ ಬಂತು. ಭಾನುವಾರ ಮಾತ್ರ ಬರಲಿಲ್ಲ. ಫ್ರಾಂಕ್ಲಿ, ನಾನು ನಿಜಕ್ಕೂ ಹೆದರಿದ್ದು ಆ ಭಾನುವಾರವೇ. ಶಾಲೆಗೆ ರಜೆ ಇರುವ ದಿನ ರಜೆ ಮಾಡುವ ದೆವ್ವ ಇನ್ನಾರಾಗಿರಲು ಸಾಧ್ಯ?

ನಮ್ಮ ಕಾನ್ವೆಂಟಿನ ಸಿಸ್ಟರುಗಳು ಪರ್ಗೆಟರಿಯ ಕಥೆ ಹೇಳುತ್ತಿದ್ದರು. ಸ್ವರ್ಗಕ್ಕೂ ನರಕಕ್ಕೂ ನಡುವೆ ಕಾದು ನಿಂತ ಆತ್ಮಗಳು ಮನೆಯವರ ಬಳಿ ಬಂದು ಪ್ರಾರ್ಥನೆ ಬೇಡುತ್ತವಂತೆ; ಬಾಗಿಲು ತಟ್ಟಿ, ಪರದೆ ಅಲ್ಲಾಡಿಸಿ. ಸೀಡಿ ಡ್ರೈವ್ ಆಗಿನ ಸಿಸ್ಟರುಗಳಿಗೆ ತಿಳಿದಿರಲಿಲ್ಲ, ಆಫ್ ಕೋರ್ಸ್. ಅಕ್ಕನಿಗೆ ನೆಮ್ಮದಿ ಸಿಕ್ಕಿಲ್ಲವೇ? ಅದೊಂದೇ ಯೋಚನೆ ನನ್ನನ್ನು ತಿನ್ನತೊಡಗಿತು. ಚರ್ಚಿನಲ್ಲಿ ಅವಳ ಹೆಸರಿಗೆ ಪೂಜೆ ಕೊಟ್ಟೆ. ಮಂಡಿಯೂರಿ ಜಪಸರ ಎಣಿಸಿದೆ. ಟ್ರೇ ಬರುತ್ತಲೇ ಇತ್ತು.

ಕೊನೆಗೆ ಪಕ್ಕದ ಮನೆಯ ಗುರುಸಿದ್ದಮ್ಮನವರ ಕಿವಿಗೆ ಹಾಕಿದೆ. ಅವರಿಗೆ ಯಾವ ಅನುಮಾನವೂ ಇರಲಿಲ್ಲ.

“ಏನೋ ಆಸೆ ಉಳ್ಕೊಂಡೈತೆ ಕಣಮ್ಮ. ಕೈ ಚಾಚ್ತಾವ್ರೆ, ಬರೀ ಕೈಲಿ ಕಳಿಸ್ತೀರಲ್ಲ! ಅವರಿಗೆ ಇಷ್ಟವಾದ್ದು ಏನಾರ ಇಟ್ಬುಡಿ.”

ಬೈಬಲ್ಲಿಗೆ ವಿರುದ್ಧವಾದರೂ ನ್ಯಾಯದ ಮಾತು ಅನ್ನಿಸಿತು. ಮರುದಿನ ಟ್ರೇ ಬಂದಾಗ ಕೊಬ್ಬರಿ ಮಿಠಾಯಿಯ ಒಂದು ತುಂಡು ಇಟ್ಟೆ. ನನ್ನ ಬೆರಳು ತಾಕಿತೋ ಏನೋ, ಟ್ರೇ ಒಂದು ಕ್ಷಣ ತಡೆದು, ಮಿಠಾಯಿ ಸಮೇತ ಮೆಲ್ಲಗೆ ಒಳಗೆ ಹೋಗಿ ಬಾಯಿ ಮುಚ್ಚಿಕೊಂಡಿತು.

ಸಂಜೆ ಗೌರಿಯ ಕೂಗು ಕೇಳಿಸಿತು. “ಆಂಟೀ! ಡ್ರೈವ್ ಒಳಗೆ ಮಿಠಾಯಿ ಯಾರು ಇಟ್ಟಿದ್ದು? ಇರುವೆ ಸಾಲು ನೋಡಿ ಇಲ್ಲಿ!”

ಎಲ್ಲ ಹೇಳಿದೆ. ಅವಳು ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ. ಸ್ವಲ್ಪ ಹೊತ್ತು ಕೀಬೋರ್ಡು ಕುಟ್ಟಿ ಪರದೆಯ ಮೇಲೆ ಒಂದು ಸಾಲು ತೋರಿಸಿದಳು.

“ಮಿಸ್ಸೇ ಇದನ್ನ ಹಾಕಿಟ್ಟಿರೋದು. ಸೋಮವಾರದಿಂದ ಶನಿವಾರ, ಮೂರೂವರೆಗೆ ಟ್ರೇ ತೆಗಿ ಅಂತ. ಹೇಳಿದ ಹೊತ್ತಿಗೆ ಕೆಲ್ಸ ಮಾಡ್ಸೋದು ಹೆಂಗೆ ಅಂತ ಕಲೀತಿದ್ವಲ್ಲ, ಆಗ. ‘ನನ್ನ ತಂಗಿ ಆ ಕುರ್ಚೀಲಿ ಗೊರಕೆ ಹೊಡೀತಾಳೆ, ಬೆಚ್ಚಿಬೀಳಿಸೋಣ, ಅವಳಿಗೆ ಹೇಳಬೇಡ’ ಅಂದಿದ್ರು. ಅದಾದ ಮಾರನೇ ದಿನವೇ ಆಸ್ಪತ್ರೆಗೆ ಹೋದ್ರಲ್ಲ ಆಂಟಿ, ನಂಗೂ ಮರ್ತೇ ಹೋಗಿತ್ತು.”

ಆಯುಷ್ಯವೆಲ್ಲ ನೆಟ್ಟಗೆ ಕೂತು ಬದುಕಿದ ಅಕ್ಕ ನನಗೆ ಮಾಡಿದ್ದು ಅದೊಂದೇ ತಮಾಷೆ. ಅದನ್ನು ನೋಡಲು ಅವಳು ಉಳಿಯಲಿಲ್ಲ. ನಗು, ಅಳು ಎರಡೂ ಒಟ್ಟಿಗೆ ಬಂದವು. ಆದರೆ ಎದೆಯ ಚಳಿ ಬಿಡಲಿಲ್ಲ. ದೆವ್ವವಲ್ಲ, ಸರಿ, ಹೇಳಿದವಳು ಮಣ್ಣಾದರೂ ಹೇಳಿದ ಹೊತ್ತಿಗೆ ಬಾಯಿ ತೆರೆಯುವ ಈ ವಿಧೇಯತೆಗೆ ಏನೆನ್ನುವುದು? ಸಾಕು ಎನ್ನಲು ಅವಳೇ ಬರಬೇಕು, ಅವಳು ಬರುವುದಿಲ್ಲ. ನನ್ನನ್ನೇ ನೋಡಿ. ಚಿಲಕ ಹಾಕುವುದು, ಸೊಳ್ಳೆಪರದೆ ಮಡಿಸುವುದು, ಎಲ್ಲ ಇಂದಿಗೂ ಅವಳು ಹೇಳಿದ ಹಾಗೆಯೇ.

“ಇರ್ಲಿ ಬಿಡಿ ಆಂಟಿ, ಮಿಸ್ ನೆನಪಿಗೆ” ಎಂದಳು ಗೌರಿ.

ಇರಲಿ ಎಂದೇ ನನಗೂ ಅನ್ನಿಸಿತು. ಆದರೆ ಪೀರಿಯಡ್ ಮುಗಿದ ಮೇಲೆ ಬೋರ್ಡ್ ಒರೆಸದೆ ಹೊರಗೆ ಬರುವ ಟೀಚರನ್ನು ಅಕ್ಕ ಕ್ಷಮಿಸುತ್ತಿರಲಿಲ್ಲ. ಅವಳ ಬೋರ್ಡ್ ಒರೆಸಲು ಉಳಿದವಳು ನಾನೊಬ್ಬಳೇ. ಆ ಸಾಲನ್ನು ಅಳಿಸುವುದು ಹೇಗೆಂದು ಗೌರಿ ಹೇಳುತ್ತ ಹೋದಳು, ನಾನೇ ಒಂದೊಂದೇ ಅಕ್ಷರ ಒತ್ತಿದೆ, ಯಾಕೆ ಒತ್ತುತ್ತಿದ್ದೇನೆಂದು ತಿಳಿದೇ. ಎಂಟರ್ ಕೂಡ ನಾನೇ. ಪರದೆಯ ಮೇಲೆ ಏನೂ ಆಗಲಿಲ್ಲ.

“ಏನೂ ಹೇಳಲೇ ಇಲ್ಲವಲ್ಲೇ?”

“ಲಿನಕ್ಸ್ ಹಂಗೇ ಆಂಟಿ. ತಪ್ಪಾದ್ರೆ ಬೈಯತ್ತೆ. ಹೇಳಿದ್ದು ಆಗ್ಬುಟ್ರೆ ಸುಮ್ನಿರತ್ತೆ.”

ಮರುದಿನ ಎಚ್ಚರವಾಗಿಯೇ ಎದುರಿಗೆ ಕೂತೆ. ಹೊತ್ತು ಬಂತು, ಹೋಯಿತು. ಟ್ರೇ ಬರಲಿಲ್ಲ. ಆ ನಿಶ್ಶಬ್ದ ಟ್ರೇಗಿಂತಲೂ ಹೆಚ್ಚು ಹೆದರಿಸಿತೆಂದರೆ ಸುಳ್ಳಲ್ಲ. ಅಕ್ಕನಿಗಾಗಿ ಅಷ್ಟೊಂದು ಪ್ರಾರ್ಥಿಸಿದ್ದೆ, ಮೇಲಿನಿಂದ ಒಂದು ಮಾತೂ ಬಂದಿರಲಿಲ್ಲ. ಯಾರ ಕಿವಿಗೂ ಬಿದ್ದಿಲ್ಲವೆಂದೇ ತಿಳಿದಿದ್ದೆ. ಈಗ ಅಷ್ಟು ಖಂಡಿತವಾಗಿ ಹೇಳಲಾರೆ. ಬೈಗುಳವೂ ಬಂದಿರಲಿಲ್ಲವಲ್ಲ.