ಕೆಂಪು ಬಾಣದ ಬಾಟಲಿಗಳು

ಬೆಳಿಗ್ಗೆ ಸ್ನಾನ ಮುಗಿಸಿ ಬಂದವಳು ತೊಡುವ ಬಟ್ಟೆಯನ್ನು ಮೊದಲು ಒಳಮೈ ಹೊರಗೆ ಮಾಡುತ್ತಾಳೆ. ಕಂಕುಳಿನಿಂದ ಕೆಳಗಿನ ಅಂಚಿನವರೆಗೆ ಹೊಲಿಗೆಯ ಮೇಲೆ ಹೆಬ್ಬೆರಳು ಎಳೆಯುತ್ತಾಳೆ. ಎಲ್ಲಾದರೂ ಹೊಲಿಗೆ ಹಾರಿದೆಯೇ, ದಾರ ಸಡಿಲವಾಗಿದೆಯೇ ಎಂದು ನೋಡಿದ ಮೇಲೆಯೇ ಅದು ಮೈಮೇಲೆ ಬರುವುದು. ಗಂಡನ ಅಂಗಿಗೂ ಇದೇ ಪರೀಕ್ಷೆ. ಹೆರಿಗೆಯಾದ ಮರುದಿನ ಆಸ್ಪತ್ರೆಯವರು ಕೊಟ್ಟ ನೀಲಿ ನಿಲುವಂಗಿಯನ್ನೂ ಹೀಗೇ ತಿರುಗಿಸಿ, ಎಡಗಡೆ ಎರಡು ಹೊಲಿಗೆ ಹಾರಿದೆ ಎಂದು ಆಯಾಗೆ ತೋರಿಸಿದಳಂತೆ. "ನಿನ್ನ ಹೊಟ್ಟೆ ಹೊಲಿಗೆ ಸರಿಯಾಗಿದೆಯಾ ನೋಡ್ಕೊಳಮ್ಮ ಮೊದ್ಲು" ಎಂದಳಂತೆ ಆಯಾ. ಅದನ್ನೂ ಅವಳು ಅಷ್ಟರಲ್ಲೇ ಕೈಗನ್ನಡಿ ಹಿಡಿದು ನೋಡಿಕೊಂಡಾಗಿತ್ತು.

ಅವಳ ಕೆಲಸವೇ ಅದು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕೊನೆಯ ತಪಾಸಣೆಯ ಮೇಜು ಅವಳದು. ಹದಿನೇಳನೇ ವಯಸ್ಸಿನಲ್ಲಿ ದಾರ ಕತ್ತರಿಸಲು ಸೇರಿದವಳು ಹನ್ನೊಂದು ವರ್ಷಗಳಲ್ಲಿ ಆ ಮೇಜಿಗೆ ಬಂದಿದ್ದಳು. ಸಾಲು ಟ್ಯೂಬ್‌ಲೈಟಿನ ಕೆಳಗೆ ನಿಂತು ದಿನಕ್ಕೆ ನಾನೂರು ಅಂಗಿ ತಿರುವಿಹಾಕಬೇಕು. ತಪ್ಪು ಕಂಡಲ್ಲಿ ಬೆರಳ ತುದಿಯಷ್ಟು ಚಿಕ್ಕ ಬಾಣದ ಸ್ಟಿಕ್ಕರ್ ಹಚ್ಚಬೇಕು: ಹೊಲಿಗೆ ತಪ್ಪಿದ್ದರೆ ಕೆಂಪು, ಕಲೆಯಿದ್ದರೆ ಹಳದಿ. ಅಂಗಿ ಹೊಲಿದವರಿಗೇ ವಾಪಸ್ಸು ಹೋಗುತ್ತದೆ. ಹೀಗಾಗಿ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಬಾಣದಕ್ಕ ಎನ್ನುತ್ತಿದ್ದರು. ಸೇರಿದ ಹೊಸದರಲ್ಲಿ ಗೆಳತಿಯೊಬ್ಬಳ ಮಾತು ನಂಬಿ ಒಂದು ಕಟ್ಟು ಅಂಗಿಯನ್ನು ನೋಡದೆಯೇ ಸರಿಯಿದೆ ಎಂದು ಮುಂದೆ ಕಳಿಸಿದ್ದಳು. ಅಷ್ಟೂ ಅಂಗಿ ತಿರುಗಿ ಬಂದವು. ಎಲ್ಲರ ಎದುರಿಗೆ ನಿಲ್ಲಿಸಿ ಬೈದರು. ಆವತ್ತಿನಿಂದ ತನ್ನ ಹೆಬ್ಬೆರಳು ಮುಟ್ಟದ್ದನ್ನು ಅವಳು ನಂಬಿದ್ದಿಲ್ಲ.

ಗಂಡ ಲಿಫ್ಟ್ ರಿಪೇರಿ ಮಾಡುವವನು. ಅವರಿಬ್ಬರ ಪರಿಚಯವಾದದ್ದೂ ಕಾರ್ಖಾನೆಯ ಲಿಫ್ಟಿನ ಬಾಗಿಲಲ್ಲೇ. ಸರಿಮಾಡಿದ್ದೇನೆ, ಹತ್ತಿ ಎಂದವನಿಗೆ, ಮೊದಲು ನೀವು ಮೂರು ಸಲ ಹತ್ತಿಳಿದು ತೋರಿಸಿ ಎಂದಿದ್ದಳು. ಅವನು ತೋರಿಸಿದ. ಅವಳು ಮೆಟ್ಟಿಲಲ್ಲೇ ಹೋದಳು. ಮದುವೆಯಾಗಿ ಆರು ವರ್ಷ ಕಾದ ಮೇಲೆ ದೇವರು ಕಣ್ಣುಬಿಟ್ಟ. ಒಂದರ ಬದಲು ಎರಡು ಕೊಟ್ಟ. ಆದರೆ ಅವು ಮೂವತ್ತೊಂದನೇ ವಾರಕ್ಕೇ ಬಂದುಬಿಟ್ಟವು.

ಎರಡೂ ಹೆಣ್ಣು. ದೊಡ್ಡದು ಒಂದು ಕಿಲೋ ಮುನ್ನೂರ ಎಂಬತ್ತು ಗ್ರಾಂ, ಚಿಕ್ಕದು ಒಂದು ಕಿಲೋ ನೂರ ಇಪ್ಪತ್ತು. ಅಕ್ಕಪಕ್ಕದ ಎರಡು ಗಾಜಿನ ಪೆಟ್ಟಿಗೆಗಳಲ್ಲಿ ಮಲಗಿಸಿ, ಮೂಗಿನಿಂದ ಹೊಟ್ಟೆಗೆ ದಾರದಷ್ಟು ತೆಳುವಾದ ನಳಿಗೆ ಇಳಿಸಿದ್ದರು. ಹಾಲು ಅದರಲ್ಲೇ ಹೋಗಬೇಕು. ದೊಡ್ಡದು ಕೈಕಾಲು ಆಡಿಸುತ್ತಿತ್ತು. ಚಿಕ್ಕದು ಉಸಿರಾಡುವುದೇ ದೊಡ್ಡ ಕೆಲಸವೆನ್ನುವ ಹಾಗೆ ಮಲಗಿರುತ್ತಿತ್ತು. ಅದರ ಪಕ್ಕೆಲುಬು ಎಣಿಸಬಹುದಿತ್ತು, ಎಣಿಸಿದ್ದೆ ಎಂದು ಆಮೇಲೊಂದು ದಿನ ಇದನ್ನೆಲ್ಲ ಹೇಳಿಕೊಳ್ಳುವಾಗ ಅವಳು ನನಗೆ ಹೇಳಿದಳು.

ತಾಯಂದಿರ ಕೋಣೆಯಲ್ಲಿ ಅವಳಿಗೊಂದು ಮಂಚ ಕೊಟ್ಟಿದ್ದರು. ಎರಡು ಗಂಟೆಗೊಮ್ಮೆ ಕೈತೊಳೆದು, ನಿಲುವಂಗಿ ತೊಟ್ಟು ವಾರ್ಡಿಗೆ ಹೋಗುತ್ತಿದ್ದಳು. ಹೋದವಳು ಮೊದಲು ಮಾಡುತ್ತಿದ್ದದ್ದು ಕಾಲಿಗೆ ಕಟ್ಟಿದ ಪಟ್ಟಿಯ ಅಂಕೆಯನ್ನೂ ಪೆಟ್ಟಿಗೆಯ ಮೇಲಿನ ಅಂಕೆಯನ್ನೂ ತಾಳೆ ನೋಡುವುದು. ತೂಕ ಮಾಡುವಾಗ, ತಕ್ಕಡಿ ಖಾಲಿಯಿದ್ದಾಗ ಸೊನ್ನೆ ತೋರಿಸುತ್ತದೋ ಇಲ್ಲವೋ ಒಮ್ಮೆ ತೋರಿಸಿ ಎನ್ನುತ್ತಿದ್ದಳು. ಹುಡುಗಿ ನರ್ಸುಗಳು ಕಣ್ಣಲ್ಲೇ ನಗುತ್ತಿದ್ದರು. ಹಿರಿಯ ಸಿಸ್ಟರ್ ಮಾತ್ರ ಒಂದು ದಿನವೂ ಬೇಸರಿಸದೆ ಸೊನ್ನೆ ತೋರಿಸುತ್ತಿದ್ದರು. ಅವರಿಗೆ ಆ ವಾರ್ಡಿನಲ್ಲಿ ಇಪ್ಪತ್ತು ವರ್ಷವಾಗಿತ್ತು. ಅವರ ತಾಳ್ಮೆಯ ಮೇಲೂ ಬಾಣದಕ್ಕನಿಗೆ ಅನುಮಾನ. ಇಷ್ಟು ಒಳ್ಳೆಯ ಮಾತಿನ ಹಿಂದೆ ಏನೋ ಇರಬೇಕು ಅಂದುಕೊಂಡಳು.

ಹಾಲು ತೆಗೆಯುವುದನ್ನು ಕಲಿಸಿದ್ದೂ ಅವರೇ. ಮೊದಲು ಬರುವುದು ನೀರಾಗಿರುತ್ತದೆ, ಆಮೇಲೆ ಬರುವುದು ಗಟ್ಟಿ. ಆ ಗಟ್ಟಿಹಾಲನ್ನು ಬೇರೆ ಬಾಟಲಿಗೆ ತೆಗೆದು ಚಿಕ್ಕದಕ್ಕೆ ಇಡು, ತೂಕ ಹಿಡಿಯುತ್ತದೆ ಎಂದಿದ್ದರು. ಹೆಬ್ಬೆಟ್ಟಿನುದ್ದದ ಬಾಟಲಿಗಳು. ಅವುಗಳಿಗೆ ಚೀಟಿ ಅಂಟಿಸಿ, ಮಗುವಿನ ಅಂಕೆ, ಸಮಯ ಬರೆದು, ಹಾಲಿನ ಕೋಣೆಯ ಫ್ರಿಜ್ಜಿನಲ್ಲಿಡಬೇಕು. ಎಲ್ಲ ತಾಯಂದಿರ ಬಾಟಲಿಗಳೂ ಅಲ್ಲೇ.

ಹನ್ನೆರಡನೇ ದಿನದ ಹೊತ್ತಿಗೆ ದೊಡ್ಡದು ದಿನಕ್ಕೆ ಇಪ್ಪತ್ತು ಗ್ರಾಂ ಏರುತ್ತಿತ್ತು. ಚಿಕ್ಕದು ಐದು, ಕೆಲವು ದಿನ ಅದೂ ಇಲ್ಲ. ಹೀಗೇ ಆದರೆ ಕಷ್ಟ ಎಂದು ಡಾಕ್ಟರು ಹೇಳಿದ್ದನ್ನು ಅವಳು ಬಾಗಿಲ ಆಚೆಯಿಂದ ಕೇಳಿಸಿಕೊಂಡಳು. ಕಷ್ಟ ಎಂದರೇನೆಂದು ಒಳಗೆ ಹೋಗಿ ಕೇಳಲು ಧೈರ್ಯವಾಗಲಿಲ್ಲ. ಗಟ್ಟಿಹಾಲು ದಿನಾ ಕೊಡುತ್ತಿದ್ದೇನೆ, ಅದು ಹೋಗುತ್ತಿರುವುದೆಲ್ಲಿ? ಈ ಒಂದು ಪ್ರಶ್ನೆ ತಲೆಯಲ್ಲಿ ಕೂತಿತು.

ಫ್ರಿಜ್ಜಿನ ತಣ್ಣನೆಯ ತೇವಕ್ಕೆ ಚೀಟಿಯ ಮೇಲಿನ ಶಾಯಿ ಕದಡಿ ಹೋಗುವುದನ್ನು ಅವಳು ಗಮನಿಸಿದ್ದಳು. ಮೂರೋ ಎಂಟೋ ಗೊತ್ತಾಗುತ್ತಿರಲಿಲ್ಲ. ಅದೇ ದಿನಗಳಲ್ಲಿ ಪಕ್ಕದ ಪೆಟ್ಟಿಗೆಯ ಗಂಡುಮಗು ಕೆನ್ನೆ ತುಂಬಿಕೊಳ್ಳತೊಡಗಿತು. ಅದರ ತಾಯಿ ಚಿಕ್ಕಮಕ್ಕಳ ಶಾಲೆಯ ಟೀಚರು. ಮೊದಲ ವಾರ ಅವಳ ಬಾಟಲಿಯ ತಳವೂ ಮುಳುಗುತ್ತಿರಲಿಲ್ಲ. ಈಗ ಇದ್ದಕ್ಕಿದ್ದಂತೆ ಸಾಲಾಗಿ ನಾಲ್ಕು ತುಂಬಿದ ಬಾಟಲಿ. ಟೀಚರು ಮಂಚದಲ್ಲಿ ಯಾರೊಂದಿಗೂ ಮಾತಾಡುತ್ತಿರಲಿಲ್ಲ, ಬೇರೆಯವರು ಊಟಕ್ಕೆ ಹೋದಾಗ ಒಬ್ಬಳೇ ಹಾಲಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಹೊರಗೆ ಬಂದಾಗ ಕಣ್ಣು ತಪ್ಪಿಸುತ್ತಿದ್ದಳು. ಬಾಣದಕ್ಕನಿಗೆ ಇನ್ನೇನು ಬೇಕು?

ಸಂಜೆ ಬಂದ ಗಂಡನಿಗೆ ಹೇಳಿದಳು. ಅವನು ತಂದಿದ್ದ ಅನ್ನದ ಡಬ್ಬಿ ತೆರೆಯುತ್ತ ಕೇಳಿಸಿಕೊಂಡ.

"ಹಾಲು ಕದಿಯೋದು ಬೆಕ್ಕು ಕಣೆ, ಟೀಚರಲ್ಲ."

"ನಗಬೇಡಿ. ನಿಮಗೇನು ಗೊತ್ತು? ಆ ಮಗು ನೋಡಿ ಹೆಂಗಿದೆ, ನಮ್ಮದು ನೋಡಿ."

"ನಿನಗೆ ದೇವರ ಮೇಲೂ ಅನುಮಾನ ಕಣೆ. ಎರಡು ಕೊಟ್ಟನಲ್ಲ, ಒಂದರಲ್ಲಿ ಏನೋ ಕಮ್ಮಿ ಮಾಡಿರ್ತಾನೆ ಅಂತ ಅವತ್ತೇ ಅಂದಿದ್ದೆ ನೀನು."

ಅಂದಿದ್ದು ನಿಜ. ಅದಕ್ಕಾಗಿ ಅವಳು ಆಮೇಲೆ ಎಷ್ಟೋ ಸಲ ಮನಸ್ಸಿನಲ್ಲೇ ತಪ್ಪೊಪ್ಪಿಕೊಂಡಿದ್ದಳು.

ಮರುದಿನ ಕೈಚೀಲದ ಒಳಜೇಬಿನಲ್ಲಿ ಕಾರ್ಖಾನೆಯ ಸ್ಟಿಕ್ಕರ್ ಹಾಳೆ ಸಿಕ್ಕಿತು. ಆರು ಸಾಲು ಕೆಂಪು ಬಾಣ. ಪ್ಲಾಸ್ಟಿಕ್‌ನದು, ನೀರಿಗೆ ಹೋಗದು. ಚಿಕ್ಕದರ ಗಟ್ಟಿಹಾಲಿನ ಬಾಟಲಿಗೆ ಮಾತ್ರ, ಚೀಟಿಯ ಪಕ್ಕಕ್ಕೆ ಒಂದೊಂದು ಹಚ್ಚಿದಳು. ಟೀಚರ ಕೈಯಲ್ಲಿ ಬಾಣದ ಬಾಟಲಿ ಕಂಡರೆ ಅಲ್ಲೇ ಹಿಡಿಯಬೇಕು. ಯಾರಿಗೂ ಹೇಳಲಿಲ್ಲ, ಹಿರಿಯ ಸಿಸ್ಟರಿಗೂ. ತಪಾಸಣೆ ಮಾಡುವವರು ಹೊಲಿಯುವವರಿಗೆ ಮೊದಲೇ ಹೇಳಿ ಬರುತ್ತಾರೆಯೇ? ಹೇಳಿದರೆ ಅವತ್ತೊಂದು ದಿನ ಎಲ್ಲರ ಹೊಲಿಗೆಯೂ ಚೆಂದ ಬರುತ್ತದೆ, ಅಷ್ಟೇ.

ಮೊದಲ ದಿನ ಏನೂ ಸಿಗಲಿಲ್ಲ. ಎರಡನೇ ದಿನ ಚಿಕ್ಕದರ ತೂಕ ನಿಂತಲ್ಲೇ ನಿಂತಿತು. ಮೂರನೇ ದಿನ ಬೆಳಿಗ್ಗೆ ಹತ್ತು ಗ್ರಾಂ ಇಳಿದಿತ್ತು. ಅವಳು ಎರಡೆರಡು ಸಲ ಸೊನ್ನೆ ನೋಡಿದಳು. ತಕ್ಕಡಿ ಸರಿಯಾಗಿತ್ತು. ಹುಡುಗಿ ನರ್ಸು ಸಮಾಧಾನ ಮಾಡುವ ದನಿಯಲ್ಲಿ, ಚಿಕ್ಕದಕ್ಕೆ ನಿಮ್ಮ ಹಾಲು ಸಾಲುತ್ತಿಲ್ಲಮ್ಮ, ಎರಡು ದಿನದಿಂದ ಡಬ್ಬಿ ಹಾಲು ಸೇರಿಸಿ ಕೊಡುತ್ತಿದ್ದೇವೆ, ಅದು ಸರಿಯಾಗಿ ಹಿಡಿಸುತ್ತಿಲ್ಲ, ಹೊಟ್ಟೆ ಸ್ವಲ್ಪ ಉಬ್ಬಿದೆ ಎಂದಳು.

ಸಾಲುತ್ತಿಲ್ಲ! ಮೂರು ದಿನದಲ್ಲಿ ಹದಿನೆಂಟು ಬಾಟಲಿ ಇಟ್ಟಿದ್ದಳು. ಒಂದೊಂದನ್ನೂ ತನ್ನ ಲೆಕ್ಕದ ಪುಸ್ತಕದಲ್ಲಿ ಬರೆದಿದ್ದಳು. ನೇರ ಹಾಲಿನ ಕೋಣೆಗೆ ನಡೆದಳು.

ಬಾಟಲಿ ತೊಳೆಯುವ ಹೊತ್ತು. ಸಿಂಕಿನ ಪಕ್ಕದ ತಟ್ಟೆಯಲ್ಲಿ ಖಾಲಿ ಬಾಟಲಿಗಳ ರಾಶಿ, ಅದರಲ್ಲಿ ಐದಕ್ಕೆ ಕೆಂಪು ಬಾಣ. ಒಳಗೋಡೆಗೆ ಹಾಲಿನ ಜಿಡ್ಡು ಇನ್ನೂ ಅಂಟಿತ್ತು. ಮೂಲೆಯ ಕುರ್ಚಿಯಲ್ಲಿ ಟೀಚರು ಹಾಲು ತೆಗೆಯುವ ಪಂಪು ಹಿಡಿದು ಕೂತಿದ್ದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬಾಣದಕ್ಕ ಒಂದು ಬಾಟಲಿ ಎತ್ತಿ ಅವಳ ಮುಂದೆ ಹಿಡಿದಳು.

"ಟೀಚರ್, ನಿಮ್ಮ ಮಗೂಗೆ ಹೋಗ್ತಿರೋ ಹಾಲು ನಿಮ್ಮದೇನಾ?"

ಟೀಚರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಪಂಪನ್ನು ಮಡಿಲಿಗಿಟ್ಟುಕೊಂಡಳು. ದನಿ ಏರಿಸಲಿಲ್ಲ.

"ಹತ್ತು ದಿನ ಈ ಕುರ್ಚಿ ಮೇಲೆ ಕೂತು ಅತ್ತಿದೀನಿ, ಅಕ್ಕ. ಒಂದು ಚಮಚ ಬರ್ತಿರ್ಲಿಲ್ಲ. ನಿಮ್ಮೆಲ್ಲರ ಎದುರಿಗೆ ಖಾಲಿ ಬಾಟಲಿ ಇಟ್ಕೊಂಡು ಕೂರೋಕೆ ನಾಚಿಕೆಯಾಗಿ, ಯಾರೂ ಇಲ್ಲದಾಗ ಬರ್ತಿದ್ದೆ. ಈಗ ಬರ್ತಿದೆ. ಅದೂ ನಿಮ್ಮದೇ ಅಂತೀರಾ?"

"ಹಾಗಾದ್ರೆ ಇದನ್ನ ಖಾಲಿ ಮಾಡಿದ್ದು ಯಾರು?"

"ನನ್ನ ಕೇಳ್ತೀರಲ್ಲ. ತೊಳೆಯೋರನ್ನ ಕೇಳಿ."

ಅಷ್ಟರಲ್ಲಿ ಹಿರಿಯ ಸಿಸ್ಟರ್ ಒಳಗೆ ಬಂದರು. ಬಾಣದಕ್ಕ ಬಾಟಲಿಯನ್ನು ಅವರ ಕೈಗೇ ಕೊಟ್ಟು, ನನ್ನ ಚಿಕ್ಕದರ ಹಾಲು ಕದ್ದಿದ್ದಾರೆ ಎಂದಳು. ಸಿಸ್ಟರ್ ಬಾಟಲಿಯನ್ನು ಬೆಳಕಿಗೆ ಹಿಡಿದರು. ಬಾಣದ ಮೇಲೆ ಹೆಬ್ಬೆರಳಿಟ್ಟರು.

"ಇದನ್ನ ಹಚ್ಚಿದ್ದು ಯಾರು?"

"ನಾನೇ. ನನ್ನದು ಅಂತ ಗುರುತಿಗೆ."

ಸಿಸ್ಟರ್ ಹೋಗಿ, ಟೀಚರು ಒಬ್ಬಳೇ ಇದ್ದಾಗ ಬಿಟ್ಟರೆ ಯಾವಾಗಲೂ ಗೋಡೆಗೆ ಒತ್ತಿ ತೆರೆದಿರುತ್ತಿದ್ದ ಕೋಣೆಯ ಬಾಗಿಲನ್ನು ಮುಂದಕ್ಕೆ ಎಳೆದರು. ಬಾಗಿಲ ಹಿಂದೆ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿತ್ತು. ಹಸಿರು ಗುರುತು: ಇಂದಿನ ಹಾಲು. ನೀಲಿ: ಮೊದಲು ಬಳಸಿ. ಕೆಂಪು: ಮಗುವಿಗೆ ಕೊಡಬಾರದು, ಚೆಲ್ಲಿ.

ಬಾಣದಕ್ಕನಿಗೆ ಹಿಂದಿನ ವಾರ ಹೊಟ್ಟೆಯ ಹೊಲಿಗೆ ಬಾತು ಜ್ವರ ಬಂದು ಹೊಸ ಮಾತ್ರೆ ಶುರುಮಾಡಿದ್ದರು. ಆ ಮಾತ್ರೆಗಾಗಿ ಬೇರೆ ಪಾಳಿಯವರು ಕೆಂಪು ಹಚ್ಚಿರಬೇಕು ಎಂದು ಈ ಪಾಳಿಯವರು ಅಂದುಕೊಂಡರು. ಈ ಪಾಳಿಯವರೇ ಹಚ್ಚಿದ್ದಾರೆ ಎಂದು ಅವರು. ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ಮೂರು ದಿನದ ಗಟ್ಟಿಹಾಲನ್ನೆಲ್ಲ ಶಿಸ್ತಾಗಿ ಸಿಂಕಿಗೆ ಸುರಿದಿದ್ದರು. ನೀರುಹಾಲು ಮಾತ್ರ ದೊಡ್ಡದಕ್ಕೆ ಹೋಗಿತ್ತು, ಅದಕ್ಕೆ ಬಾಣವಿರಲಿಲ್ಲವಲ್ಲ.

ಹಾಳೆಯನ್ನು ಅವಳು ಮೂರು ಸಲ ಓದಿದಳಂತೆ. ವರ್ಷಗಟ್ಟಲೆ ತಪ್ಪು ಹುಡುಕಿದವಳಿಗೆ, ದಿನಕ್ಕೆ ಹತ್ತು ಸಲ ಹಾಯುವ ಬಾಗಿಲ ಹಿಂದೆ ಏನಿದೆ ಎಂದು ನೋಡಬೇಕೆನಿಸಿರಲಿಲ್ಲ. ಮಗುವಿನ ಬಾಯಿಂದ ಹಾಲು ಕಿತ್ತವಳು ನಾನೇ ಅಂತ ಆಗ ಗೊತ್ತಾಯಿತು ಎಂದಳು ನನಗೆ. ಸಿಸ್ಟರ್ ಅವಳನ್ನು ಕುರ್ಚಿಗೆ ಕೂರಿಸಿ, ತಪ್ಪು ನಿನ್ನದೊಂದೇ ಅಲ್ಲ, ಕೇಳಬೇಕಾದದ್ದು ನಮ್ಮ ಕೆಲಸ, ನನ್ನ ಕೈಕೆಳಗಿನವರು ಕೇಳಲಿಲ್ಲ ಎಂದರು. ಡಾಕ್ಟರಿಗೂ ಹಾಗೇ ಹೇಳಿದರು, ಮುಚ್ಚಿಡಲಿಲ್ಲ. ಡಾಕ್ಟರು ಚಿಕ್ಕದರ ಹೊಟ್ಟೆ ಮುಟ್ಟಿ ನೋಡಿ, ಡಬ್ಬಿ ಹಾಲು ನಿಲ್ಲಿಸಿ, ಆ ಮಾತ್ರೆಯಿಂದ ಹಾಲಿಗೆ ತೊಂದರೆಯಿಲ್ಲ, ತಾಯಿಹಾಲನ್ನೇ ಸ್ವಲ್ಪ ಸ್ವಲ್ಪವಾಗಿ ಕೊಡಿ ಎಂದು ಬರೆದರು. ಎರಡು ದಿನ ಕಾಯಬೇಕು ಎಂದರು.

ಆ ಎರಡು ದಿನ ಅವಳು ಮಂಚಕ್ಕೆ ಬೆನ್ನು ಹಚ್ಚಲಿಲ್ಲ. ಪೆಟ್ಟಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತು, ಅದರ ಪುಟ್ಟ ಕಿಟಕಿಯಂಥ ತೂತಿನಲ್ಲಿ ಕೈಹಾಕಿ, ಮಗುವಿನ ಅಂಗಾಲಿಗೆ ಒಂದು ಬೆರಳು ತಾಗಿಸಿಕೊಂಡಿದ್ದಳು. ದೇವರನ್ನು ಏನು ಕೇಳಿಕೊಂಡಳೋ, ಅದನ್ನು ನಾನು ಕೇಳಲಿಲ್ಲ. ಮೂರನೇ ದಿನ ಹೊಟ್ಟೆಯ ಉಬ್ಬರ ಇಳಿಯಿತು. ತೂಕ ಹದಿನೈದು ಗ್ರಾಂ ಏರಿತು, ಮಾರನೇ ದಿನ ಇಪ್ಪತ್ತು. ಸೊನ್ನೆ ತೋರಿಸಿ ಎನ್ನುವುದನ್ನು ಅವಳೇನೂ ಬಿಡಲಿಲ್ಲ.

ಟೀಚರು ಅವಳೊಂದಿಗೆ ಮಾತು ಬಿಟ್ಟಿದ್ದಳು. ಕ್ಷಮಿಸಿ ಎಂದಾಗಲೂ, ಸರಿ ಬಿಡಿ ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಆದರೆ ಮರುದಿನ ಹಾಲಿನ ಕೋಣೆಗೆ ಬಂದಾಗ ಬಾಗಿಲು ಮುಂದೆ ಮಾಡಿಕೊಳ್ಳಲಿಲ್ಲ.

ಆ ವಾರದ ಕೊನೆಯಲ್ಲಿ ಹಿರಿಯ ಸಿಸ್ಟರ್ ಅವಳನ್ನು ಪಕ್ಕಕ್ಕೆ ಕರೆದರು. ಔಷಧಿಯ ಚಿಕ್ಕ ಫ್ರಿಜ್ಜಿನಲ್ಲಿ ಒಂದು ಖಾನೆ ಖಾಲಿಯಿತ್ತು. ಅದಕ್ಕೆ ಬೀಗವಿತ್ತು. ಬೇರೆ ಯಾರಿಗೂ ಕೊಡುವುದಿಲ್ಲ, ನಿಯಮವೂ ಒಪ್ಪುವುದಿಲ್ಲ, ಆದರೆ ನಿನ್ನ ಮನಸ್ಸಿಗೆ ನೆಮ್ಮದಿಯಾಗುತ್ತದೆ ಎಂದರೆ ಮಕ್ಕಳು ಮನೆಗೆ ಹೋಗುವವರೆಗೆ ಇಟ್ಟುಕೋ ಎಂದು ಬೀಗದ ಕೈ ಮುಂದೆ ಚಾಚಿದರು.

ಅವಳು ಬೀಗದ ಕೈಯನ್ನು ನೋಡಿದಳು. ಇನ್ನೊಂದು ಬೀಗದ ಕೈ ಯಾರ ಹತ್ತಿರ ಇದೆ ಎಂಬ ಪ್ರಶ್ನೆ ಆಗಲೇ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

"ಬೇಡ ಸಿಸ್ಟರ್. ಬೀಗ ಹಾಕಿದ್ರೆ ನನ್ನ ಕಣ್ಣು ಆ ಬೀಗದ ಮೇಲೇ ಇರುತ್ತೆ, ಮಗು ಮೇಲೆ ಇರಲ್ಲ. ಎಲ್ಲರ ಬಾಟಲಿ ಜೊತೆಗೇ ಇರಲಿ ಬಿಡಿ."