ನೋಯಲ್ಲಮ್ಮ

ಊರಿಗಾಂ ಮೈದಾನದಲ್ಲಿ ಓಟದ ಹುಡುಗಿಯರಾದ ನಮ್ಮ ತೂಕ, ನಾಡಿ ನೋಡುತ್ತಿದ್ದ ಕ್ರೀಡಾ ವಿಜ್ಞಾನಿಯನ್ನು ನಾವೆಲ್ಲ ಡಾಕ್ಟ್ರು ಎನ್ನುತ್ತಿದ್ದೆವು. ಇಂಜೆಕ್ಷನ್ ಕೊಡುವ ಮುಂಚೆ ಅವರು ಎಣ್ಣೆಯಂಥ ಆ ಔಷಧಿಯ ಪುಟ್ಟ ಸೀಸೆಯನ್ನು ಎರಡು ಅಂಗೈ ನಡುವೆ ಉಜ್ಜಿ ಬೆಚ್ಚಗೆ ಮಾಡುತ್ತಿದ್ದರು. “ನೋಯಲ್ಲಮ್ಮ” ಎನ್ನುತ್ತಿದ್ದರು. ನಿಜಕ್ಕೂ ನೋಯುತ್ತಿರಲಿಲ್ಲ. ಏನು ಔಷಧಿ ಎಂದು ಕೇಳಿದರೆ “ಶಕ್ತಿಗೆ” ಎಂದಷ್ಟೇ ಉತ್ತರ. ನಾನೂ ಮತ್ತೆ ಕೇಳಲಿಲ್ಲ. ನನ್ನ ಓಟ ವಾರದಿಂದ ವಾರಕ್ಕೆ ಚುರುಕಾಗುತ್ತಿತ್ತು.

ಒಂದು ಭಾನುವಾರ ಕಾಮಸಮುದ್ರದಿಂದ ಅಮ್ಮ ಫೋನ್ ಮಾಡಿದಳು. ನಾನು ಹಲೋ ಎಂದೆ.

“ಯಾರಪ್ಪಾ ನೀನು? ನಮ್ ಉಡುಗಿ ಎಲ್ಲೋದ್ಳು? ಪೋನು ಅವಳ ಕೈಗೆ ಕೊಡು.”

“ಅಮ್ಮಾ, ನಾನೇ” ಎಂದೆ. ಅವಳು ಹೆದರಿ ಫೋನ್ ಇಟ್ಟುಬಿಟ್ಟಳು.

ಮಾರನೆಯ ದಿನ ಇದನ್ನು ಡಾಕ್ಟ್ರಿಗೆ ಹೇಳುವಾಗ ಅಳು ಬಂತು; ಆ ಅಳುವೂ ಗಂಡಸಿನದಾಗಿತ್ತು. ಅವರು ನನ್ನ ಹೆಸರಿನ ನೋಟ್‌ಬುಕ್ ತೆರೆದರು. ನಾನು ಸೇರಿದ ದಿನವೇ ಸ್ಕೇಲಿಟ್ಟು ಗೆರೆ ಎಳೆದಿದ್ದ ಪುಟ ಅದು. ತೂಕ, ನಾಡಿ, ಓಟದ ಸಮಯ ಎಂಬ ಕಾಲಂಗಳ ಪಕ್ಕದಲ್ಲಿ ‘ಧ್ವನಿ’ ಎಂಬ ಕಾಲಂ ಕೂಡ ಇತ್ತು, ಅಷ್ಟು ದಿನವೂ ಖಾಲಿಯಾಗಿ. ಅದರಲ್ಲಿ ಅಂದಿನ ತಾರೀಕು ಬರೆದು, ಮುಂದಿನ ಸೀಸೆಯನ್ನು ಅಂಗೈ ನಡುವೆ ಉಜ್ಜತೊಡಗಿದರು.

“ನೋಯಲ್ಲಮ್ಮ” ಎಂದರು.