ಹನ್ನೆರಡನೆಯ ಚಿತ್ರವನ್ನು ಕುರಿತು

ಮಾನ್ಯ ಓದುಗರಲ್ಲಿ ಸವಿನಯ ವಿಜ್ಞಾಪನೆ. ಕಚೇರಿಯ ಪತ್ರಗಳನ್ನು ಬಿಟ್ಟರೆ ನಾನು ಬೇರೇನನ್ನೂ ಬರೆದವನಲ್ಲ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಿನಂತಿದೆಯೆಂದು ನನ್ನ ಮೇಲಧಿಕಾರಿಗಳೇ ಹೇಳುತ್ತಿದ್ದರು. ಒತ್ತಕ್ಷರಗಳಲ್ಲಿ ತಪ್ಪುಗಳು ನುಸುಳಿರುವುದು ಖಂಡಿತ. ಅದಕ್ಕಾಗಿ ಮೊದಲೇ ಕ್ಷಮೆ ಬೇಡಿಕೊಂಡು, ಈ ಕೆಳಗಿನ ಸಂಗತಿಯನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ಇಂತಹ ಸಂಗತಿಗಳಲ್ಲಿ ನನಗೆ ನಂಬಿಕೆ ಇರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಯಾರಾದರೂ ತಾವು ಕಂಡ ವಿಚಿತ್ರವನ್ನು ಹೇಳತೊಡಗಿದರೆ, ದಿನ ಯಾವುದು, ಸಾಕ್ಷಿ ಯಾರು ಎಂದು ಕೇಳಿ ಅವರ ಉತ್ಸಾಹವನ್ನು ಕುಂದಿಸುವುದು ನನ್ನ ಅಭ್ಯಾಸವಾಗಿತ್ತು.

ಐವತ್ತರ ದಶಕದ ಕೊನೆಯ ಭಾಗ. ನಾನು ಕಾರ್ಕಳದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ವಾರವಿಡೀ ಅಲ್ಲಿಯೇ ಬಿಡಾರ. ಶನಿವಾರ ಮಧ್ಯಾಹ್ನ ಕಚೇರಿ ಮುಗಿದ ಮೇಲೆ ಕಾಪುವಿನ ಮನೆಗೆ ಪ್ರಯಾಣ. ಮನೆಯಲ್ಲಿ ತಾಯಿ ಮತ್ತು ತಂಗಿ ಸುಮತಿ. ನನಗಿದ್ದ ಒಂದೇ ಹವ್ಯಾಸವೆಂದರೆ ಒಂದು ಡಬ್ಬಿ ಕ್ಯಾಮರಾ. ಅದರಿಂದ ನಾನು ತೆಗೆಯುತ್ತಿದ್ದದ್ದು ಪ್ರಾರ್ಥನೆಯಲ್ಲಿ ತೊಡಗಿದವರ ಚಿತ್ರಗಳನ್ನು ಮಾತ್ರ. ಕಣ್ಣು ಮುಚ್ಚಿಕೊಂಡ ಚಿತ್ರವೆಂದರೆ ಸ್ಟುಡಿಯೋದವರಿಗೆ ಕೆಟ್ಟುಹೋದ ಚಿತ್ರ. ನನಗೆ ಅದೇ ಬೇಕಾಗಿತ್ತು. ಬಸದಿಯ ಮೆಟ್ಟಿಲಲ್ಲಿ ಜಪ ಮಾಡುವ ಅಜ್ಜ, ಮಲ್ಪೆಯಲ್ಲಿ ಬುಟ್ಟಿ ಕೆಳಗಿಟ್ಟು ಕಡಲಿಗೆ ಕೈ ಮುಗಿಯುವ ಹೆಂಗಸು, ಅಂಗಡಿಯ ಹಿಂದೆ ಚಾಪೆ ಹಾಸಿ ನಮಾಜು ಮಾಡುವ ಬ್ಯಾರಿ ವ್ಯಾಪಾರಿ. ಮೊದಲೇ ಕೇಳಿದರೆ ಪ್ರಾರ್ಥನೆ ನಟನೆಯಾಗಿಬಿಡುತ್ತದೆ. ಆದ್ದರಿಂದ ತೆಗೆದ ಮೇಲೆ ಅನುಮತಿ ಕೇಳುತ್ತಿದ್ದೆ, ಬೈಗುಳವನ್ನೂ ಸ್ವೀಕರಿಸುತ್ತಿದ್ದೆ. ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡ ಬಸ್ಸಿನ ಡ್ರೈವರರೊಬ್ಬರು, "ದೇವರು ಇರುವುದು ಸ್ಟೇರಿಂಗಿನಲ್ಲಿ ಮಾರಾಯ್ರೆ, ನನ್ನ ಮೂತಿಯಲ್ಲಿ ಎಂತ ಉಂಟು?" ಎಂದು ನಕ್ಕಿದ್ದರು.

ತೆಗೆದ ಪ್ರತಿಯೊಂದು ಚಿತ್ರಕ್ಕೂ ನನ್ನಲ್ಲಿ ಒಂದು ರಿಜಿಸ್ಟರು ಇತ್ತು. ಕ್ರಮಸಂಖ್ಯೆ, ದಿನ, ಸ್ಥಳ, ಪ್ರಾರ್ಥಿಸಿದವರು, ಚಿತ್ರ ತೆಗೆದವರು ಎಂದು ಐದು ಅಂಕಣಗಳು. ಕೊನೆಯ ಅಂಕಣದಲ್ಲಿ ಪ್ರತಿ ಸಾಲಿಗೂ ನನ್ನದೇ ಸಹಿ. ಅನಗತ್ಯವೆಂದು ತಾವು ಹೇಳಬಹುದು, ಅಭ್ಯಾಸಬಲ.

ನನ್ನ ತಾಯಿ ಮಾತ್ರ ಕ್ಯಾಮರಾದ ಮುಂದೆ ನಿಂತವರಲ್ಲ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂಬುದು ಅವರ ದೃಢ ನಂಬಿಕೆ. ಅವರ ಅತ್ತೆಯವರು ಫೋಟೋ ತೆಗೆಸಿಕೊಂಡ ಮೂರನೆಯ ತಿಂಗಳಿಗೆ ತೀರಿಕೊಂಡಿದ್ದರು. ಆಗ ಅವರಿಗೆ ಎಂಬತ್ತು ತುಂಬಿತ್ತೆಂಬುದನ್ನು ತಾಯಿ ಪರಿಗಣನೆಗೆ ತೆಗೆದುಕೊಳ್ಳುತ್ತಿರಲಿಲ್ಲ. ಸುಮತಿಯ ಮದುವೆಗೆ ಉಡುಪಿಯಿಂದ ಸ್ಟುಡಿಯೋದ ಬಸ್ತ್ಯಾಂ ಪೊರ್ಬುಗಳು ಫೋಟೋ ತೆಗೆಯಲು ಬಂದಾಗ, ತಾಯಿ ಅವರಿಗೆ ಕಾಫಿ ಕೊಟ್ಟು, ಕ್ಯಾಮರಾ ಕಂಡದ್ದೇ ಅಡುಗೆಮನೆಯ ಬಾಗಿಲು ಹಾಕಿಕೊಂಡು ಕುಳಿತರು. ನನ್ನಿಂದಲಂತೂ ತುಳಸಿ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದರು: ಅವರ ಚಿತ್ರವನ್ನು ನಾನು ತೆಗೆಯಕೂಡದು.

ಸುಮತಿ ಗಂಡನೊಡನೆ ಬೊಂಬಾಯಿಗೆ ಹೊರಡುವ ದಿನ ಗೊತ್ತಾಯಿತು, ಒಂದು ಭಾನುವಾರ. ಅವಳು ನನ್ನಲ್ಲಿ ಕೇಳಿದ್ದು ಒಂದನ್ನೇ. "ಅಣ್ಣ, ಊರಿನವರೆಲ್ಲರ ಫೋಟೋ ಉಂಟು ನಿನ್ನ ಹತ್ತಿರ. ನನಗೆ ಅಮ್ಮನದ್ದು ಒಂದು ಬೇಡವಾ?" ಮುಂದಿನ ಸಲ ಊರಿಗೆ ಬರುವುದು ಯಾವಾಗಲೋ. ಆಣೆ ಒಂದು ಕಡೆ, ತಂಗಿ ಇನ್ನೊಂದು ಕಡೆ.

ಅವಳು ಹೊರಡುವ ವಾರದ ಸೋಮವಾರ ಕಾರ್ಕಳದ ಬಿಡಾರದಲ್ಲಿ ಹೊಸ ರೋಲು ಹಾಕಿದೆ. ಹನ್ನೆರಡು ಚಿತ್ರಗಳ ರೋಲು. ಶುಕ್ರವಾರದ ಹೊತ್ತಿಗೆ ಹನ್ನೊಂದು ತೆಗೆದಾಗಿತ್ತು. ಕ್ಯಾಮರಾದ ಬೆನ್ನಿನ ಕೆಂಪು ಕಿಂಡಿಯಲ್ಲಿ ಹನ್ನೆರಡರ ಅಂಕಿ ಬಂದು ನಿಂತಿತು. ತಾಯಿ ಮನಸ್ಸು ಬದಲಾಯಿಸಿಯಾರೆಂಬ ಆಸೆಯಿಂದ ಅದನ್ನು ಉಳಿಸಿಕೊಂಡೆ. ಶನಿವಾರ ಆ ಆಸೆಯೂ ಬತ್ತಿತು, ಮರುದಿನವೇ ಪ್ರಯಾಣ, ಮನೆಗೆ ಹೋಗಿ ಕೇಳಿ ಮತ್ತೆ ರೋಲು ತೊಳೆಸುವಷ್ಟು ಸಮಯವಿರಲಿಲ್ಲ. ಊರಿನವರ ಪ್ರಾರ್ಥನೆಗಳನ್ನಾದರೂ ತಂಗಿಗೆ ಕೊಡೋಣವೆಂದು, ಕೊನೆಯದನ್ನು ಚಿತ್ರ ತೆಗೆಯದೆ ಖಾಲಿ ಸುತ್ತಿ, ಮಣಿಪಾಲದ ಗುಡ್ಡ ಇಳಿಯುವ ಬಸ್ಸಿನಲ್ಲಿ ನೇರವಾಗಿ ಉಡುಪಿಯ ಸ್ಟುಡಿಯೋಕ್ಕೆ ಹೋದೆ. ಆ ವಾರದಲ್ಲಿ ಕ್ಯಾಮರಾ ಕಾಪುವಿಗೆ ಹೋಗಿರಲಿಲ್ಲವೆಂಬುದನ್ನು ತಾವು ದಯವಿಟ್ಟು ಗಮನಿಸಬೇಕು.

ಪೊರ್ಬುಗಳು ಕತ್ತಲೆ ಕೋಣೆಯಿಂದ ಹೊರಗೆ ಬಂದು, ತೊಟ್ಟಿಕ್ಕುತ್ತಿದ್ದ ಸುರುಳಿಯನ್ನು ಬೆಳಕಿಗೆ ಹಿಡಿದರು.

"ಕೊನೆಗೂ ಅಮ್ಮನನ್ನು ಹಿಡಿದಿರಲ್ಲ ಮಾರಾಯ್ರೆ. ನನಗೆ ಬಾಗಿಲು ಹಾಕಿದವರು ನಿಮಗೆ ನಿಂತರಾ?"

ಹನ್ನೆರಡನೆಯ ಚೌಕದಲ್ಲಿ ನನ್ನ ತಾಯಿ ತುಳಸಿಕಟ್ಟೆಯೆದುರು ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದರು. ನನ್ನದೇ ಸುರುಳಿ, ಅದರ ಪಕ್ಕದ ಚೌಕದಲ್ಲಿ ಶುಕ್ರವಾರ ಕಾರ್ಕಳದಲ್ಲಿ ನಾನು ತೆಗೆದ ಬಸ್ಸಿನ ಡ್ರೈವರರು. ನಾನು ತೆಗೆದದ್ದಲ್ಲವೆಂದೆ. "ಹಾಗಾದರೆ ಕ್ಯಾಮರಾ ಒಂದೇ ಬಸ್ಸು ಹತ್ತಿ ಹೋಗಿ ಬಂತಾ?" ಎಂದು ಪೊರ್ಬುಗಳು ನಗುತ್ತಲೇ ಪ್ರತಿ ಮಾಡಿಕೊಟ್ಟರು. ಅದರಲ್ಲಿ ಇನ್ನೊಂದು ಕಂಡಿತು. ಕಟ್ಟೆಯ ಬುಡದಲ್ಲಿ ಚಿತ್ರ ತೆಗೆದವರ ನೆರಳು ಬಿದ್ದಿತ್ತು. ಡಬ್ಬಿ ಕ್ಯಾಮರಾವನ್ನು ಹೊಟ್ಟೆಯ ಬಳಿ ಹಿಡಿದು, ತಲೆ ತಗ್ಗಿಸಿ ನೋಡಬೇಕು. ಆ ನೆರಳೂ ತಲೆ ತಗ್ಗಿಸಿತ್ತು.

ಕಾಪುವಿನ ಬಸ್ಸಿನಲ್ಲಿ ನನಗಾದ ಸಂಕಟವನ್ನು ವಿವರಿಸಲಾರೆ. ತೋರಿಸಿದರೆ ಆಣೆ ಮುರಿದವನೆನಿಸಿಕೊಳ್ಳುತ್ತೇನೆ. ಬಚ್ಚಿಟ್ಟರೆ ತಂಗಿ ಬರಿಗೈಯಲ್ಲಿ ಹೋಗುತ್ತಾಳೆ. ಮನೆ ಮುಟ್ಟಿದವನೇ ಚಿತ್ರವನ್ನೂ ರಿಜಿಸ್ಟರನ್ನೂ ತಾಯಿಯ ಮುಂದಿಟ್ಟೆ.

ಸುಮತಿ ಬೆಚ್ಚಿದಳು. "ಅಣ್ಣ, ಇದು ಬೊಂಬಾಯಿಯ ಚೌಕುಳಿ ಸೀರೆ. ಬುಧವಾರ ನಿನ್ನ ಭಾವ ತಂದದ್ದು. ಅಮ್ಮ ಗುರುವಾರ ಬೆಳಿಗ್ಗೆ ಉಟ್ಟು, ಜಾರುತ್ತದೆ ಅಂತ ಆಗಲೇ ಮಡಚಿಟ್ಟಿದ್ದಾರೆ. ನೀನು ಯಾವಾಗ ಬಂದಿ?"

ಗುರುವಾರ ಬೆಳಿಗ್ಗೆ ನಾನು ಕಾರ್ಕಳದ ಬಸದಿಯ ಮೆಟ್ಟಿಲಲ್ಲಿದ್ದೆ. ರಿಜಿಸ್ಟರಿನಲ್ಲಿ ನಮೂದಾಗಿದೆ.

ತಾಯಿ ಚಿತ್ರವನ್ನು ಚಿಮಿಣಿ ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ನೀನು ತೆಗೆದದ್ದಾ?"

"ಅಲ್ಲ ಅಮ್ಮ."

"ಅಲ್ಲ ಅಂದರೆ ಅಲ್ಲ," ಎಂದರು. "ಆಣೆ ಇದ್ದದ್ದು ನೀನು ತೆಗೆಯಬಾರದು ಅಂತ. ಇದು ತಾನಾಗಿ ಬಂದದ್ದು, ಬೇಡ ಅನ್ನಬಾರದು. ಸುಮತಿ, ಸೀರೆಗಳ ನಡುವೆ ಇಡು, ಮಡಚಬೇಡ. ಕಿವಿಯ ಓಲೆ ಕಾಣುವುದಿಲ್ಲ, ಅದೊಂದು ಬೇಜಾರು."

ಆ ಗುರುವಾರ ಏನು ಬೇಡಿಕೊಂಡಿದ್ದಿರಿ ಎಂದು ತಾಯಿಯನ್ನು ಕೇಳಿದೆ. "ಬೇಡಿದ್ದನ್ನು ಬಾಯಿಬಿಟ್ಟರೆ ಕೊಟ್ಟವರು ವಾಪಸು ಕೇಳುತ್ತಾರೆ," ಎಂದು ಒಳಗೆ ಹೋದರು.

ಮರುದಿನ ಬೆಳಿಗ್ಗೆ, ಸುಮತಿ ಹೊರಡುವ ಮುಂಚೆ, ಸ್ಥಳ ತನಿಖೆ ನಡೆಸಿದೆ. ಚಿತ್ರವನ್ನು ಕೈಯಲ್ಲಿ ಹಿಡಿದು, ಕಟ್ಟೆಯೂ ಹಿಂದಿನ ಜಗಲಿಯೂ ಅದೇ ರೀತಿಯಲ್ಲಿ ಕಾಣುವವರೆಗೆ ಹಿಂದಕ್ಕೆ ಹಿಂದಕ್ಕೆ ಸರಿದೆ. ಕಾಲಿಗೆ ಬಾವಿಕಟ್ಟೆ ತಾಗಿತು. ಚಿತ್ರ ಹೊಂದಬೇಕಾದರೆ ಇನ್ನೂ ಎರಡು ಹೆಜ್ಜೆ ಹಿಂದೆ ನಿಲ್ಲಬೇಕಾಗಿತ್ತು, ಎಂದರೆ ಬಾವಿಯ ಬಾಯಿಯ ಮೇಲೆ. "ತನಿಖೆ ಸಾಕು ಮಾರಾಯ, ನೀನು ಬಿದ್ದರೆ ಇವರಿಗೆ ಬಸ್ಸು ತಪ್ಪುತ್ತದೆ," ಎಂದು ತಾಯಿ ಜಗಲಿಯಿಂದ ಕೂಗಿದರು. ಸುಮತಿ ಅಳುವುದನ್ನು ಬಿಟ್ಟು ನಕ್ಕಳು. ನಗುತ್ತಲೇ ಬಸ್ಸು ಹತ್ತಿದಳು.

ತಾಯಿ ಆಮೇಲೆಯೂ ಫೋಟೋ ತೆಗೆಸಿಕೊಳ್ಳಲಿಲ್ಲ. ತಮ್ಮ ಅತ್ತೆಯವರ ವಯಸ್ಸನ್ನೂ ದಾಟಿ ಸುಖವಾಗಿ ಬಾಳಿದರು. ಚಿತ್ರ ಇಂದಿಗೂ ತಂಗಿಯ ಮನೆಯಲ್ಲಿದೆ. ನನ್ನಲ್ಲಿರುವುದು ರಿಜಿಸ್ಟರು. ಹನ್ನೆರಡನೆಯ ಸಾಲಿನಲ್ಲಿ ದಿನ, ಸ್ಥಳ, ಪ್ರಾರ್ಥಿಸಿದವರು ಎಲ್ಲವನ್ನೂ ಬರೆದಿದ್ದೇನೆ. ಸಹಿ ಹಾಕಲು ಎಷ್ಟೋ ಸಲ ಲೇಖನಿ ಎತ್ತಿ ಕೆಳಗಿಟ್ಟಿದ್ದೇನೆ.

ಈ ಬರಹದಲ್ಲಿ ಕಂಡುಬರುವ ತಪ್ಪುಗಳನ್ನು ತಾವು ಅಂಚಿನಲ್ಲಿ ಸೀಸದಕಡ್ಡಿಯಿಂದ ತಿದ್ದಬೇಕಾಗಿ ಪ್ರಾರ್ಥನೆ. ಹಾಗೆಯೇ, ಚಿತ್ರ ತೆಗೆದವರು ಎಂಬ ಆ ಕೊನೆಯ ಅಂಕಣದಲ್ಲಿ ಯಾರ ಹೆಸರನ್ನು ಬರೆಯತಕ್ಕದ್ದೆಂದು ಬಲ್ಲವರು ತಿಳಿಸಿದಲ್ಲಿ ಆಭಾರಿಯಾಗಿರುತ್ತೇನೆ.